ಭಾರತ ಸೇವಕರ ಗೋಖಲೆ

ಗೋಪಾಲ ಕೃಷ್ಣ ಗೋಖಲೆಯವರ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಗಾಂಧೀಜಿಯವರ ರಾಜಕೀಯ ಗುರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಹೈಸ್ಕೂಲಿನಲ್ಲಿ ಎಲ್ಲರೂ ಉತ್ತರ ಬರೆದವರೇ. ಬೆಂಗಳೂರಿನವರಾದರೆ ಬುಲ್ ಟೆಂಪಲ್ ರಸ್ತೆಯಲ್ಲಿ ಅವರ ಹೆಸರಿನ ಸಂಸ್ಥೆಯ ಬೋರ್ಡನ್ನಾದರೂ ನೋಡಿರುತ್ತಾರೆ. ಪಠ್ಯಪುಸ್ತಕದಲ್ಲಿ ಅವರು ಮಂದಗಾಮಿ, ತಿಲಕರು ತೀವ್ರಗಾಮಿ. ಅಷ್ಟು ಬರೆದರೆ ಮೇಷ್ಟ್ರು ಸರಿ ಗುರುತು ಹಾಕುತ್ತಿದ್ದರು.

ಅವರ ಬದುಕಿನಲ್ಲಿ ಪಠ್ಯಪುಸ್ತಕ ಅಷ್ಟಾಗಿ ಹೇಳದ ಇನ್ನೊಂದು ಭಾಗವಿದೆ. ನಲವತ್ತೆಂಟು ವರ್ಷದ ಆಯುಷ್ಯದಲ್ಲಿ ಸುಮಾರು ಮೂವತ್ತು ವರ್ಷವನ್ನು ಅವರು ಸಂಘ ಸಂಸ್ಥೆಗಳ ಒಳಗೇ ಕಳೆದರು. ಚಂದಾ ಎತ್ತಿದರು, ಲೆಕ್ಕ ಬರೆದರು, ಕಮಿಟಿಯ ಜಗಳಗಳನ್ನು ಕಂಡರು, ಚುನಾವಣೆಯಲ್ಲಿ ಸೋತರು, ಕೊನೆಗೆ ತಮ್ಮದೇ ಒಂದು ಸಂಸ್ಥೆ ಕಟ್ಟಿದರು. ಅವರು ಹೋದ ಮೇಲೂ ಆ ಸಂಸ್ಥೆ ಉಳಿಯಿತು. ಊರು ಬಿಟ್ಟು ಬಂದು, ವಾರವೆಲ್ಲಾ ಆಫೀಸು, ಶನಿವಾರ ಭಾನುವಾರ ದೇವಸ್ಥಾನದ ಕೆಲಸ ಎಂದು ಓಡಾಡುವ ನಮ್ಮಂಥವರಿಗೆ ಈ ಭಾಗವೇ ಹೆಚ್ಚು ಹತ್ತಿರದ್ದು ಎನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ರತ್ನಗಿರಿ ಜಿಲ್ಲೆಯ ಕೋತಳೂಕ್ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕೊಲ್ಹಾಪುರದ ಹತ್ತಿರದ ಕಾಗಲ್ ಜಹಗೀರಿನಲ್ಲಿ ಸಣ್ಣ ನೌಕರಿಯಲ್ಲಿದ್ದರು. 1879ರಲ್ಲಿ, ಗೋಪಾಲನಿಗೆ ಹದಿಮೂರು ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ತಮ್ಮ ಓದು ನಿಲ್ಲಿಸಿ ತಿಂಗಳಿಗೆ ಹದಿನೈದು ರೂಪಾಯಿಯ ಕೆಲಸಕ್ಕೆ ಸೇರಿದರು. ಅದರಲ್ಲಿ ಎಂಟು ರೂಪಾಯಿಯನ್ನು ತಮ್ಮನ ಓದಿಗೆಂದು ಕೊಲ್ಹಾಪುರಕ್ಕೆ ಕಳಿಸುತ್ತಿದ್ದರು. ಉಳಿದ ಏಳು ರೂಪಾಯಿಯಲ್ಲಿ ಇಡೀ ಸಂಸಾರ ನಡೆಯಬೇಕು! ತಮ್ಮ ಬೀದಿ ದೀಪದ ಕೆಳಗೆ ಕೂತು ಓದಿದ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಣ್ಣನ ಕಥೆಯನ್ನು ಹೇಳುವವರು ಕಡಿಮೆ. ಒಬ್ಬರು ಮುಂದೆ ಬಂದು ದೇಶಸೇವೆ ಮಾಡಬೇಕಾದರೆ ಹಿಂದೆ ಯಾರೋ ಒಬ್ಬರು ಮನೆಯ ಭಾರ ಹೊತ್ತಿರಬೇಕು ಎಂಬುದನ್ನು ಗೋಖಲೆಯವರು ಬಾಲ್ಯದಲ್ಲೇ ನೋಡಿದ್ದರು.

ಕೊಲ್ಹಾಪುರದ ರಾಜಾರಾಮ್ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜುಗಳಲ್ಲಿ ಓದಿ 1884ರಲ್ಲಿ ಬಿ.ಎ. ಪದವಿ ಪಡೆದರು. ಆಗ ಅವರಿಗೆ ಹದಿನೆಂಟು ವರ್ಷ. ಆ ಕಾಲದಲ್ಲಿ ಬಿ.ಎ. ಎಂದರೆ ಸರಕಾರಿ ಕೆಲಸದ ಬಾಗಿಲು ತೆರೆದ ಹಾಗೆ. ಅವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಮೂವತ್ತೈದು ರೂಪಾಯಿ ಸಂಬಳಕ್ಕೆ ಮೇಷ್ಟ್ರಾಗಿ ಸೇರಿ, ಜೊತೆಗೆ ಕಾನೂನು ಓದತೊಡಗಿದರು. ಆ ಶಾಲೆಯನ್ನು 1880ರಲ್ಲಿ ಶುರುಮಾಡಿದವರು ವಿಷ್ಣುಶಾಸ್ತ್ರಿ ಚಿಪಳೂಣಕರ್, ಬಾಲಗಂಗಾಧರ ತಿಲಕರು ಮತ್ತು ಅವರ ಗೆಳೆಯರು. ಸ್ವಲ್ಪ ಕಾಲದಲ್ಲೇ ಗೋಪಾಲ ಗಣೇಶ ಆಗರಕರ್ ಕೂಡ ಸೇರಿಕೊಂಡರು. 1884ರಲ್ಲಿ ಅವರೆಲ್ಲ ಸೇರಿ ಡೆಕ್ಕನ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದರು. 1885ರ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜು ತೆರೆಯಿತು.

ಈ ಸೊಸೈಟಿಯಲ್ಲಿ ಆಜೀವ ಸದಸ್ಯರು ಎಂಬ ಪದ್ಧತಿ ಇತ್ತು. ಸದಸ್ಯನಾದವನು ಇಪ್ಪತ್ತು ವರ್ಷ ಸಂಸ್ಥೆಗಾಗಿ ದುಡಿಯಬೇಕು, ಸಂಬಳ ತಿಂಗಳಿಗೆ ಎಪ್ಪತ್ತೈದು ರೂಪಾಯಿಗಿಂತ ಹೆಚ್ಚಿಲ್ಲ. ಗೋಖಲೆಯವರಿಗೆ ಇದು ಮನಸ್ಸಿಗೆ ಹಿಡಿಸಿತು. ಆದರೆ ಮನೆಯಲ್ಲಿ ಅಣ್ಣ ಇದ್ದಾರೆ. ತಮ್ಮ ವಕೀಲನಾಗುತ್ತಾನೆ, ಇಲ್ಲವೇ ದೊಡ್ಡ ಹುದ್ದೆ ಹಿಡಿಯುತ್ತಾನೆ, ಆಗ ಸಂಸಾರದ ಕಷ್ಟ ತೀರುತ್ತದೆ ಎಂದು ಕಾದಿದ್ದವರು ಅವರು. ಗೋಖಲೆಯವರು ಅಣ್ಣನ ಒಪ್ಪಿಗೆ ಕೇಳಿದರು. ಅಣ್ಣ ಒಪ್ಪಿದರು. 1886ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಗೋಖಲೆಯವರು ಆಜೀವ ಸದಸ್ಯರಾದರು.

ಈಗ ಶುರುವಾಗುವುದು ಸಂಘ ಸಂಸ್ಥೆಗಳಲ್ಲಿ ಓಡಾಡಿದವರಿಗೆ ಚೆನ್ನಾಗಿ ಗೊತ್ತಿರುವ ಅಧ್ಯಾಯ, ಅಂದರೆ ಒಳಜಗಳ. ಎಲ್ಲರೂ ತ್ಯಾಗಿಗಳೇ, ಎಲ್ಲರೂ ವಿದ್ವಾಂಸರೇ. ಆದರೂ ಮೂರ್ನಾಲ್ಕು ವರ್ಷದಲ್ಲಿ ಮನಸ್ತಾಪ ಬೆಳೆಯಿತು. ಸಮಾಜ ಸುಧಾರಣೆಯ ವಿಚಾರದಲ್ಲಿ ತಿಲಕರಿಗೂ ಆಗರಕರರಿಗೂ ಭಿನ್ನಾಭಿಪ್ರಾಯ ಇದ್ದದ್ದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಬಹಳ ಲೌಕಿಕವಾದ ಇನ್ನೊಂದು ಪ್ರಶ್ನೆ ಇತ್ತು. ಸಂಸ್ಥೆಯ ಸದಸ್ಯ ಹೊರಗೆ ಬೇರೆ ಕೆಲಸ ಮಾಡಬಹುದೇ, ಹೊರಗಿನಿಂದ ಹಣ ಸಂಪಾದಿಸಬಹುದೇ ಎಂಬುದು ಆ ಪ್ರಶ್ನೆ.

ತಿಲಕರ ನಿಲುವು ಕಟ್ಟುನಿಟ್ಟು. ಎಲ್ಲರಿಗೂ ಒಂದೇ ಸಂಬಳ, ಪೂರ್ತಿ ಸಮಯ ಸಂಸ್ಥೆಗೇ ಮೀಸಲು, ಹೊರಗಿನ ಆದಾಯ ಕೂಡದು. ತ್ಯಾಗ ಎಂದ ಮೇಲೆ ಅರ್ಧ ತ್ಯಾಗ ಯಾಕೆ ಎಂಬುದು ಅವರ ವಾದದ ತಿರುಳು. ಇನ್ನೊಂದು ಕಡೆಯವರ ಕಷ್ಟವೂ ನಿಜವೇ. ಹೆಂಡತಿ ಮಕ್ಕಳು, ತಂದೆ ತಾಯಿ, ಊರಿನ ಸಾಲ ಇವೆಲ್ಲಾ ಎಪ್ಪತ್ತೈದು ರೂಪಾಯಿಯಲ್ಲಿ ತೀರುತ್ತಿರಲಿಲ್ಲ. ಕಾಲೇಜಿನ ಕೆಲಸ ಮುಗಿದ ಮೇಲಿನ ಹೊತ್ತು ತಮ್ಮದೇ ಅಲ್ಲವೇ ಎಂದು ಅವರು ಕೇಳುತ್ತಿದ್ದರು. ಗೋಖಲೆಯವರು ಬರೆದ ಅಂಕಗಣಿತದ ಪುಸ್ತಕ ಆಗಲೇ ಶಾಲೆಗಳಲ್ಲಿ ಓಡುತ್ತಿತ್ತು, ಮುಂದೆ ಅವರಿಗೆ ಒಳ್ಳೆಯ ಗೌರವಧನವನ್ನೂ ತಂದಿತು. ಅದರ ಮೇಲೆ 1890ರಲ್ಲಿ ಅವರು ಪುಣೆಯ ಸಾರ್ವಜನಿಕ ಸಭೆಗೆ ಕಾರ್ಯದರ್ಶಿಯಾದಾಗ ತಿಲಕರಿಗೆ ಅದೂ ಸರಿಬರಲಿಲ್ಲ. ಆ ವರ್ಷದ ಕೊನೆಯಲ್ಲಿ ತಿಲಕರು, ತಾವೇ ಕಟ್ಟಿದ ಸಂಸ್ಥೆಗೆ ರಾಜೀನಾಮೆ ಕೊಟ್ಟು ಹೊರನಡೆದರು.

ಯಾರು ಸರಿ, ಯಾರು ತಪ್ಪು ಎಂದು ನೂರಾರು ವರ್ಷಗಳ ನಂತರ ನಾವು ತೀರ್ಪು ಕೊಡಬೇಕಾಗಿಲ್ಲ. ಆದರೆ ಈ ಜಗಳವನ್ನು ಗೋಖಲೆಯವರು ಮರೆಯಲಿಲ್ಲ ಎಂಬುದಕ್ಕೆ ಸಾಕ್ಷಿ ಮುಂದೆ ಸಿಗುತ್ತದೆ. ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಅವರ ಗುರು ಮಹಾದೇವ ಗೋವಿಂದ ರಾನಡೆಯವರು. ಹಗಲು ನ್ಯಾಯಾಧೀಶರು, ಉಳಿದ ಹೊತ್ತೆಲ್ಲಾ ದೇಶದ ಕೆಲಸ. ಸಾರ್ವಜನಿಕ ಸಭೆಯ ತ್ರೈಮಾಸಿಕ ಪತ್ರಿಕೆಯ ಕೆಲಸವನ್ನು ಗೋಖಲೆಯವರಿಗೆ ವಹಿಸಿ, ಸರಕಾರದ ವರದಿಗಳನ್ನು ಓದುವುದು, ಅಂಕಿ ಅಂಶ ಹೆಕ್ಕುವುದು, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು, ಇವನ್ನೆಲ್ಲಾ ವರ್ಷಗಟ್ಟಲೆ ಕಲಿಸಿದರು. ಅದೇ ಕಾಲದಲ್ಲಿ ಮುಂಬಯಿ ಸರಕಾರದ ಎಂಜಿನಿಯರ್ ಆಗಿ ಪುಣೆಯಲ್ಲಿದ್ದ ನಮ್ಮ ವಿಶ್ವೇಶ್ವರಯ್ಯನವರಿಗೂ ರಾನಡೆ, ಗೋಖಲೆಯವರ ಒಡನಾಟ ಇತ್ತು. ಹೊಸಬನನ್ನು ವೇದಿಕೆಗೆ ಹತ್ತಿಸುವ ಮೊದಲು ಹಲವು ವರ್ಷ ತಯಾರು ಮಾಡಬೇಕು ಎಂಬ ಪಾಠವನ್ನು ಗೋಖಲೆಯವರು ಕಲಿತದ್ದು ರಾನಡೆಯವರಿಂದ. 

ಸಾರ್ವಜನಿಕ ಸಭೆಯಲ್ಲಿ ಇನ್ನೊಂದು ಪಾಠವೂ ಆಯಿತು. 1895ರಲ್ಲಿ ಸಭೆಯ ಆಡಳಿತ ಮಂಡಲಿಯ ಚುನಾವಣೆಯಲ್ಲಿ ತಿಲಕರ ಪಕ್ಷದವರು ಬಹುಮತ ಪಡೆದರು. ಗೋಖಲೆಯವರು ಕಾರ್ಯದರ್ಶಿ ಸ್ಥಾನ ಬಿಟ್ಟರು. 1896ರಲ್ಲಿ ರಾನಡೆ ಮತ್ತು ಅವರ ಗೆಳೆಯರು ಡೆಕ್ಕನ್ ಸಭಾ ಎಂಬ ಬೇರೆ ಸಂಸ್ಥೆ ಮಾಡಿಕೊಂಡರು. ಒಂದು ಊರು, ಒಂದೇ ಉದ್ದೇಶ, ಎರಡು ಸಂಘ! ವಿದೇಶದ ಊರುಗಳಲ್ಲಿ ಒಂದು ಕನ್ನಡ ಸಂಘ ಎರಡಾದದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಇಷ್ಟರ ನಡುವೆಯೂ ಕಾಲೇಜಿನ ಕೆಲಸ ನಿಲ್ಲಲಿಲ್ಲ. ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ, ಯಾವುದಕ್ಕೆ ಜನ ಇಲ್ಲವೋ ಅದನ್ನು ಅವರು ಕಲಿಸುತ್ತಿದ್ದರು. ಸೊಸೈಟಿಯ ಕಾರ್ಯದರ್ಶಿಯಾಗಿ ಕಾಲೇಜಿನ ಕಟ್ಟಡಕ್ಕೆ ಹಣ ಕೂಡಿಸುವ ಹೊಣೆಯೂ ಅವರದ್ದೇ. ರಜೆ ಬಂತೆಂದರೆ ಚಂದಾ ಪುಸ್ತಕ ಹಿಡಿದು ಊರೂರು ತಿರುಗಿದರು. ಸಂಕೋಚದ ಸ್ವಭಾವದ ಮನುಷ್ಯನಿಗೆ ಬಾಗಿಲು ತಟ್ಟಿ ಹಣ ಕೇಳುವುದು ಎಷ್ಟು ಕಷ್ಟ ಎಂದು ರಸೀದಿ ಪುಸ್ತಕ ಹಿಡಿದು ನಿಂತವರಿಗೆ ಗೊತ್ತು.

1897ರಲ್ಲಿ ಭಾರತದ ಖರ್ಚುವೆಚ್ಚ ವಿಚಾರಿಸುವ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಅವರು ಲಂಡನ್ನಿಗೆ ಹೋದರು. ಮೂವತ್ತು ವರ್ಷದ ಕಾಲೇಜು ಮೇಷ್ಟ್ರು ಬ್ರಿಟಿಷ್ ಅಧಿಕಾರಿಗಳ ಸವಾಲುಗಳಿಗೆ ಅಂಕಿ ಸಮೇತ ಉತ್ತರ ಕೊಟ್ಟು ಹೆಸರು ಪಡೆದರು. ಆದರೆ ಅದೇ ಪ್ರವಾಸದಲ್ಲಿ ಅವರ ಬದುಕಿನ ಅತಿ ಕಷ್ಟದ ಪ್ರಸಂಗವೂ ನಡೆಯಿತು. ಪುಣೆಯಲ್ಲಿ ಪ್ಲೇಗ್. ಮನೆಮನೆ ಶೋಧಿಸಲು ಸರಕಾರ ಸೈನಿಕರನ್ನು ಕಳಿಸಿತ್ತು. ಆ ಸೈನಿಕರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆಂದು ಪುಣೆಯ ಸ್ನೇಹಿತರು ಗೋಖಲೆಯವರಿಗೆ ಪತ್ರ ಬರೆದರು. ಅದನ್ನು ನಂಬಿ ಅವರು ಇಂಗ್ಲೆಂಡಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ದೊಡ್ಡ ಗದ್ದಲವಾಯಿತು. ತಿರುಗಿ ಬಂದಾಗ ಆ ದೂರನ್ನು ಸಾಬೀತು ಮಾಡಲು ಯಾರೂ ಮುಂದೆ ಬರಲಿಲ್ಲ. ಗೋಖಲೆಯವರು ಯಾವ ಷರತ್ತೂ ಇಲ್ಲದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಪತ್ರ ಬರೆದವರ ಹೆಸರು ಹೇಳಿದ್ದರೆ ಅರ್ಧ ಅಪವಾದ ಅವರ ಮೇಲೆ ಹೋಗುತ್ತಿತ್ತು, ಆದರೆ ಹೆಸರು ಹೇಳಲಿಲ್ಲ. ಹೇಡಿ ಎಂದು ಸ್ವಂತ ಊರಿನವರೇ ಹಂಗಿಸಿದರು. ಬಹಳ ವರ್ಷ ಆ ನೋವು ಉಳಿಯಿತು. ತನ್ನನ್ನು ನಂಬಿ ಮಾಹಿತಿ ಕೊಟ್ಟವರನ್ನು ಕಷ್ಟದ ಹೊತ್ತಿನಲ್ಲಿ ಬಿಟ್ಟುಕೊಡಬಾರದು ಎಂಬ ಶಿಸ್ತನ್ನು ಅವರು ತಮ್ಮ ಮಾನವನ್ನೇ ಪಣವಿಟ್ಟು ಪಾಲಿಸಿದರು.

1899ರಲ್ಲಿ ಮುಂಬಯಿ ಶಾಸನ ಸಭೆಗೆ, ನಂತರ ವೈಸರಾಯರ ಶಾಸನ ಸಭೆಗೆ ಆಯ್ಕೆಯಾದರು. 1902ರಲ್ಲಿ ಸಣ್ಣ ಪಿಂಚಣಿಯ ಮೇಲೆ ಫರ್ಗ್ಯುಸನ್ ಕಾಲೇಜಿನಿಂದ ನಿವೃತ್ತರಾದರು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಮಾಡಿದ ಮೊದಲ ಬಜೆಟ್ ಭಾಷಣದಲ್ಲಿ ಸರಕಾರದ ಖಜಾನೆಯಲ್ಲಿ ಹಣ ಉಳಿಯುತ್ತಿರುವಾಗ ಬಡವನ ಉಪ್ಪಿನ ಮೇಲೆ ಇಷ್ಟು ತೆರಿಗೆ ಏಕೆ ಎಂದು ಲೆಕ್ಕ ಸಮೇತ ಕೇಳಿದರು. ಮರುವರ್ಷ ಉಪ್ಪಿನ ತೆರಿಗೆ ಇಳಿಯಿತು. ಹೆಸರು, ಗೌರವ ಎಲ್ಲಾ ಬಂದಿತ್ತು. ಆದರೆ ಅವರ ಮನಸ್ಸಿನಲ್ಲಿ ಬೇರೆಯೇ ಯೋಚನೆ ಇತ್ತು. ದೇಶದ ಕೆಲಸಕ್ಕೆ ಬಿಡುವಿನ ವೇಳೆಯ ವಕೀಲರು, ವ್ಯಾಪಾರಿಗಳು ಸಾಲದು, ಪೂರ್ತಿ ಆಯುಷ್ಯ ಕೊಡುವವರು ಬೇಕು ಎಂಬುದು ಆ ಯೋಚನೆ.

1905ರ ಜೂನ್ 12ರಂದು ಬೆಳಿಗ್ಗೆ, ಪುಣೆಯಲ್ಲಿ ಫರ್ಗ್ಯುಸನ್ ಕಾಲೇಜಿನ ಹತ್ತಿರದ ಬಯಲಿನಲ್ಲಿ, ನಾಲ್ಕು ಜನ ಸೇರಿದರು. ಗೋಖಲೆಯವರು ಮೊದಲು ತಾವು ಪ್ರತಿಜ್ಞೆ ಮಾಡಿ, ಆಮೇಲೆ ಮೂವರಿಗೆ ಬೋಧಿಸಿದರು. ಆ ಮೂವರು ಜಿ.ಕೆ. ದೇವಧರ್, ಎ.ವಿ. ಪಟವರ್ಧನ್ ಮತ್ತು ಎನ್.ಎ. ದ್ರವಿಡ್. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ, ಅಂದರೆ ಭಾರತ ಸೇವಕರ ಸಂಘ, ಹುಟ್ಟಿದ್ದು ಹೀಗೆ. ಉದ್ಘಾಟನೆಯ ಆಡಂಬರ ಇರಲಿಲ್ಲ.

ಪ್ರತಿಜ್ಞೆಗಳು ಏಳು. ದೇಶಕ್ಕೆ ಮೊದಲ ಸ್ಥಾನ, ತನ್ನಲ್ಲಿರುವ ಒಳ್ಳೆಯದೆಲ್ಲಾ ದೇಶಕ್ಕೆ. ಸೇವೆಯಿಂದ ಸ್ವಂತ ಲಾಭ ಹುಡುಕಬಾರದು. ಜಾತಿ ಮತ ನೋಡದೆ ಎಲ್ಲಾ ಭಾರತೀಯರನ್ನೂ ಸಹೋದರರೆಂದು ಕಾಣಬೇಕು. ಸಂಘವು ತನಗೂ ತನ್ನ ಕುಟುಂಬಕ್ಕೂ ಮಾಡುವ ವ್ಯವಸ್ಥೆಯಲ್ಲಿ ತೃಪ್ತನಾಗಿದ್ದು, ಸ್ವಂತಕ್ಕಾಗಿ ಹಣ ಸಂಪಾದಿಸಲು ಶಕ್ತಿ ಖರ್ಚು ಮಾಡಬಾರದು. ಶುದ್ಧ ಜೀವನ ನಡೆಸಬೇಕು. ಯಾರೊಡನೆಯೂ ವೈಯಕ್ತಿಕ ಜಗಳ ಕೂಡದು. ಸಂಘದ ಗುರಿಯನ್ನು ಸದಾ ಕಣ್ಣ ಮುಂದಿಟ್ಟುಕೊಂಡು ಅದಕ್ಕೆ ಹೊಂದದ ಕೆಲಸ ಮಾಡಬಾರದು.

ನಾಲ್ಕನೆಯ ಪ್ರತಿಜ್ಞೆಯನ್ನು ಇನ್ನೊಮ್ಮೆ ಓದಿ. ಹೊರಗಿನ ಸಂಪಾದನೆ ಕೂಡದು ಎಂಬುದು ಹದಿನೈದು ವರ್ಷದ ಹಿಂದೆ ತಿಲಕರು ಹಿಡಿದಿದ್ದ ಪಟ್ಟು! ತಮ್ಮ ಎದುರು ಪಕ್ಷದವರು ಹೇಳಿದ ಮಾತನ್ನೇ ಗೋಖಲೆಯವರು ತಮ್ಮ ಸಂಘದ ನಿಯಮವಾಗಿ ಬರೆದುಕೊಂಡರು. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ವಿಷಯ ಸೇರಿಸಿದರು. ಸೇವಕನ ಕುಟುಂಬಕ್ಕೆ ವ್ಯವಸ್ಥೆ ಮಾಡುವ ಭಾರ ಸಂಘದ್ದು. ಸದಸ್ಯ ತ್ಯಾಗ ಮಾಡುತ್ತಾನೆ, ಅದಕ್ಕೆ ಪ್ರತಿಯಾಗಿ ಅವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಸಂಘ ನೋಡಿಕೊಳ್ಳುತ್ತದೆ. ಪುಣೆಯ ಆ ಹಳೆಯ ಜಗಳದಲ್ಲಿ ಎರಡೂ ಕಡೆ ಅರ್ಧರ್ಧ ಸತ್ಯ ಇತ್ತೆಂದು ಅವರು ಒಪ್ಪಿಕೊಂಡ ಹಾಗೆ ನನಗೆ ಕಾಣುತ್ತದೆ. ಹದಿನೈದು ರೂಪಾಯಿಯಲ್ಲಿ ಎಂಟು ರೂಪಾಯಿ ಕಳಿಸಿದ ಅಣ್ಣನೂ ಆ ವಾಕ್ಯದ ಹಿಂದೆ ಇದ್ದಾನೆ.

ಸೇರುವುದು ಸುಲಭವಾಗಿರಲಿಲ್ಲ. ಐದು ವರ್ಷ ತರಬೇತಿ. ಪುಣೆಯ ಸಂಘದ ಮನೆಯಲ್ಲಿ ಒಟ್ಟಿಗೆ ಇದ್ದು, ಗ್ರಂಥಾಲಯದಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸರಕಾರದ ವರದಿಗಳನ್ನು ಓದಬೇಕು. ಉಳಿದ ಕಾಲದಲ್ಲಿ ದೇಶ ಸುತ್ತಿ ಕಣ್ಣಾರೆ ನೋಡಬೇಕು. ತರಬೇತಿಯ ಕಾಲದಲ್ಲಿ ಅನುಮತಿ ಇಲ್ಲದೆ ಭಾಷಣ ಮಾಡುವಂತಿಲ್ಲ, ಪತ್ರಿಕೆಗೆ ಬರೆಯುವಂತಿಲ್ಲ. ಗೋಖಲೆಯವರು ಸಂಘದ ಪ್ರಥಮ ಸದಸ್ಯರಾಗಿ ಆಜೀವ ಮುಖ್ಯಸ್ಥರು, ಅವರ ಜೊತೆಗೆ ಒಂದು ಮಂಡಲಿ. ಅವರ ನಂತರ ಅಧ್ಯಕ್ಷರನ್ನು ಸದಸ್ಯರು ಆರಿಸಬೇಕು. ಸಭೆಯೊಂದು ಒಂದೇ ಚುನಾವಣೆಯಲ್ಲಿ ಕೈ ಬದಲಾದದ್ದನ್ನು ನೋಡಿದವರು ಅವರು. ಹತ್ತು ವರ್ಷವಾದರೂ ಸದಸ್ಯರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಅದರ ಬಗ್ಗೆ ಅವರಿಗೆ ಅವಸರವೂ ಇರಲಿಲ್ಲ.

ಬಂದವರು ಎಂಥವರು ನೋಡಿ. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು 1907ರಲ್ಲಿ ಸೇರಿದರು. 1909ರಲ್ಲಿ ಬಂದ ಎನ್.ಎಂ. ಜೋಶಿಯವರು 1911ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರ ನಡುವೆ ಸೋಷಿಯಲ್ ಸರ್ವಿಸ್ ಲೀಗ್ ಕಟ್ಟಿದರು, 1920ರಲ್ಲಿ ದೇಶದ ಮೊದಲ ಅಖಿಲ ಭಾರತ ಕಾರ್ಮಿಕ ಸಂಘಟನೆ ಕಟ್ಟುವುದರಲ್ಲಿ ಮುಂದಿದ್ದರು. ದೇವಧರರು ರಮಾಬಾಯಿ ರಾನಡೆಯವರೊಡನೆ ಪುಣೆಯಲ್ಲಿ ಹೆಂಗಸರಿಗಾಗಿ ಸೇವಾ ಸದನ ನಡೆಸಿದರು. 1914ರಲ್ಲಿ ಮುಂಬಯಿ ಮುನಿಸಿಪಾಲಿಟಿಯ ಎಂಜಿನಿಯರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದವರು ಅಮೃತಲಾಲ ಠಕ್ಕರ್. ಆಗ ಅವರಿಗೆ ನಲವತ್ತು ದಾಟಿತ್ತು. ಮುಂದೆ ಭಿಲ್ಲರ ಸೇವೆ, ಹರಿಜನ ಸೇವೆಯಲ್ಲಿ ಬದುಕು ಸವೆಸಿ ಠಕ್ಕರ್ ಬಾಪಾ ಎಂದು ದೇಶಕ್ಕೆಲ್ಲಾ ಪರಿಚಿತರಾದರು. ಕೋಡ್ ಬರೆದು ಸಂಬಳ ಎಣಿಸುವ ನನ್ನಂಥ ಎಂಜಿನಿಯರಿಗೆ ಈ ಒಂದು ಸಾಲು ಓದಿದಾಗ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ.

ಇವರೆಲ್ಲ ಒಂದೇ ಕೆಲಸ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಒಬ್ಬರಿಗೆ ಕಾರ್ಮಿಕರು, ಒಬ್ಬರಿಗೆ ಹೆಂಗಸರ ಶಿಕ್ಷಣ, ಒಬ್ಬರಿಗೆ ಬುಡಕಟ್ಟಿನ ಜನ. ತರಬೇತಿಯಲ್ಲಿ ಅಷ್ಟು ಬಿಗಿಯಾಗಿದ್ದ ಸಂಘ, ತರಬೇತಿ ಮುಗಿದ ಮೇಲೆ ಅವರವರಿಗೆ ಒಗ್ಗಿದ ಕೆಲಸಕ್ಕೆ ಬಿಟ್ಟುಕೊಟ್ಟಿತು.

ಸಂಘದ ಹೊರಗಿನವರನ್ನೂ ಗೋಖಲೆಯವರು ಹೀಗೆಯೇ ನೋಡಿಕೊಂಡರು. ಅದಕ್ಕೆ ದೊಡ್ಡ ಉದಾಹರಣೆ ಗಾಂಧೀಜಿ. 1896ರಲ್ಲಿ ಪುಣೆಯಲ್ಲಿ ಮೊದಲ ಭೇಟಿ. 1901-02ರಲ್ಲಿ ಕಲ್ಕತ್ತದಲ್ಲಿ ಗಾಂಧೀಜಿ ಒಂದು ತಿಂಗಳು ಅವರ ಜೊತೆ ತಮ್ಮನಂತೆ ಇದ್ದರು. 1912ರಲ್ಲಿ ಗೋಖಲೆಯವರು ಖಾಯಿಲೆಯ ಮೈಯಲ್ಲೇ ದಕ್ಷಿಣ ಆಫ್ರಿಕಕ್ಕೆ ಹೋದರು. ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಎಲ್ಲರೂ ನೆಲದ ಮೇಲೆ ಮಲಗುತ್ತಾರೆ ಎಂದು ತಿಳಿದಾಗ ತಮಗೆ ಬೇರೆ ಮಂಚ ಬೇಡವೆಂದು ಹಟ ಹಿಡಿದು ನೆಲದಲ್ಲೇ ಮಲಗಿದರು. ಅವರ ಹತ್ತಿರ ರಾನಡೆಯವರು ಕೊಟ್ಟಿದ್ದ ಒಂದು ಶಲ್ಯ ಇತ್ತು. ಜೋಹಾನ್ಸ್‌ಬರ್ಗಿನ ಔತಣಕ್ಕೆ ಅದನ್ನು ಹೊದೆಯಬೇಕು, ಆದರೆ ಮಡಿಕೆ ಬಿದ್ದಿತ್ತು. ಗಾಂಧೀಜಿ ತಾವೇ ಇಸ್ತ್ರಿ ಮಾಡುತ್ತೇನೆಂದಾಗ, ಅವರ ವಕೀಲಿಕೆಯನ್ನು ನಂಬಬಹುದು, ಅಗಸನ ಕೆಲಸವನ್ನು ಹೇಗೆ ನಂಬುವುದೆಂದು ಗೋಖಲೆಯವರಿಗೆ ಅಳುಕು! ಕೊನೆಗೆ ಒಪ್ಪಿದರು, ಇಸ್ತ್ರಿಯೂ ಚೆನ್ನಾಗಿ ಆಯಿತು. 1913ರಲ್ಲಿ ಅಲ್ಲಿನ ಸತ್ಯಾಗ್ರಹ ಜೋರಾಗಿ ಸಾವಿರಾರು ಕೂಲಿಗಳು ಕೆಲಸ ಬಿಟ್ಟಾಗ, ಅವರ ಹೊಟ್ಟೆಗೆ ಬೇಕಾದ ಹಣವನ್ನು ಗೋಖಲೆಯವರು ಭಾರತದಲ್ಲಿ ಕೂಡಿಸಿ ಕಳಿಸಿದರು, ನೆರವಿಗೆ ಸಿ.ಎಫ್. ಆಂಡ್ರೂಸ್ ಮತ್ತು ಪಿಯರ್ಸನ್ ಎಂಬಿಬ್ಬರನ್ನೂ ಕಳಿಸಿದರು. ದೂರದಲ್ಲಿ ಕಷ್ಟಪಡುವವನಿಗೆ ಉಪದೇಶಕ್ಕಿಂತ ಮೊದಲು ಹಣ, ಆಮೇಲೆ ಜೊತೆಗೆ ಜನ ಬೇಕು ಎಂದು ಅವರಿಗೆ ಗೊತ್ತಿತ್ತು.

ಒಬ್ಬರನ್ನು ಮಾತ್ರ ಅವರು ನೋಡಿಕೊಳ್ಳಲಿಲ್ಲ. ಅವರು ಯಾರೆಂದರೆ ಗೋಖಲೆಯವರೇ. ಸಕ್ಕರೆ ಖಾಯಿಲೆ ಇತ್ತು. ಕಲ್ಕತ್ತದಲ್ಲಿದ್ದಾಗಲೇ ಗಾಂಧೀಜಿ, ವಾಯುಸೇವನೆಗೂ ಹೋಗದೆ ಹೀಗೆ ದುಡಿದರೆ ಹೇಗೆ ಎಂದು ಆಕ್ಷೇಪಿಸಿದ್ದರು. ಆದರೂ ಎಡೆಬಿಡದ ಕೆಲಸ. 1905ರಲ್ಲಿ ಕಾಶಿ ಕಾಂಗ್ರೆಸ್ಸಿನ ಅಧ್ಯಕ್ಷತೆ, ಮತ್ತೆ ಮತ್ತೆ ಇಂಗ್ಲೆಂಡ್ ಪ್ರಯಾಣ, 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ, 1912ರಲ್ಲಿ ಅದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದದ್ದು, ಆ ಬೆನ್ನಲ್ಲೇ ಸರಕಾರಿ ಸೇವೆಗಳ ಆಯೋಗದ ಸದಸ್ಯತ್ವ. ಸದಸ್ಯರ ಸಂಸಾರದ ಚಿಂತೆ ಮಾಡಿದ ಸಂಘದಲ್ಲಿ, ಮುಖ್ಯಸ್ಥರನ್ನು ಎರಡು ತಿಂಗಳು ರಜೆಯ ಮೇಲೆ ಕಳಿಸುವ ನಿಯಮವೊಂದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸುತ್ತದೆ.

1915ರ ಜನವರಿಯಲ್ಲಿ ಗಾಂಧೀಜಿ ಭಾರತಕ್ಕೆ ಮರಳಿ ಪುಣೆಗೆ ಬಂದರು. ಅವರನ್ನು ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ಗೋಖಲೆಯವರ ಆಸೆ, ಗಾಂಧೀಜಿಗೂ ಅದೇ ಆಸೆ. ಆದರೆ ಸದಸ್ಯರಿಗೆ ಅನುಮಾನ. ಗಾಂಧೀಜಿಯ ವಿಚಾರಗಳಿಗೂ ಕೆಲಸದ ರೀತಿಗೂ ತಮ್ಮ ಸಂಘಕ್ಕೂ ಹೊಂದಿಕೆಯಾಗದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಸ್ಥಾಪಕರು ಅವರು, ಮುಖ್ಯಸ್ಥರು ಅವರು, ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗೋಖಲೆಯವರು ಆ ಮಾತು ಹೇಳಲಿಲ್ಲ. ಸದಸ್ಯರು ಒಪ್ಪಲಿ ಬಿಡಲಿ, ತಾವು ಮಾತ್ರ ಗಾಂಧೀಜಿಯನ್ನು ಸದಸ್ಯರೆಂದೇ ಎಣಿಸುವುದಾಗಿ ಅವರಿಗೆ ಭರವಸೆ ಕೊಟ್ಟರು. ಗುಜರಾತಿನಲ್ಲಿ ಗಾಂಧೀಜಿ ತೆರೆಯಬೇಕೆಂದಿದ್ದ ಆಶ್ರಮದ ಖರ್ಚಿನ ಭಾರ ತಮ್ಮದೆಂದರು. ಸಂಘದ ಪುಸ್ತಕದಲ್ಲಿ ಗಾಂಧೀಜಿಯ ಹೆಸರಿನಲ್ಲಿ ಖಾತೆ ತೆರೆದು, ಬೇಕಾದ ಹಣ ಕೊಡುವಂತೆ ಸದಸ್ಯರಾದ ಡಾ. ದೇವ್ ಅವರಿಗೆ ಹೇಳಿದರು. ಜೊತೆಗೆ, ಒಂದು ವರ್ಷ ದೇಶ ಸುತ್ತಿ ನೋಡಬೇಕು, ಅಲ್ಲಿಯವರೆಗೆ ಸಾರ್ವಜನಿಕ ವಿಷಯಗಳ ಬಗ್ಗೆ ಮಾತಾಡಬಾರದು ಎಂದು ಗಾಂಧೀಜಿಯಿಂದ ಮಾತು ತೆಗೆದುಕೊಂಡರು. ಸಂಘದ ಹೊಸ ಸದಸ್ಯರಿಗಿದ್ದ ತರಬೇತಿಯ ನಿಯಮವೇ ಅದು!

ಗಾಂಧೀಜಿ ಹೊರಡುವ ಮೊದಲು ಸಂಘದ ಅಂಗಳದಲ್ಲಿ ಒಂದು ಸಣ್ಣ ಕೂಟ ಏರ್ಪಾಡಾಯಿತು. ಗಾಂಧೀಜಿಯ ಆಹಾರ ಪದ್ಧತಿಗೆ ಒಪ್ಪುವಂತೆ ಕಡಲೆಕಾಯಿ, ಖರ್ಜೂರ, ಹಣ್ಣು. ಮೈಯಲ್ಲಿ ಶಕ್ತಿ ಇರದಿದ್ದರೂ ಗೋಖಲೆಯವರು ಹಟ ಮಾಡಿ ಬಂದರು, ಬಂದವರು ಅಲ್ಲೇ ಪ್ರಜ್ಞೆ ತಪ್ಪಿದರು. ಅವರನ್ನು ಎತ್ತಿಕೊಂಡು ಒಳಗೆ ಹೋದರು. ಎಚ್ಚರವಾದ ಕೂಡಲೇ ಕೂಟ ನಿಲ್ಲಿಸಬೇಡಿ, ಮುಂದುವರಿಸಿ ಎಂದು ಹೇಳಿ ಕಳಿಸಿದರು. ಕೆಲವೇ ವಾರಗಳಲ್ಲಿ, ಫೆಬ್ರವರಿ 19ರ ರಾತ್ರಿ, ಅವರು ತೀರಿಕೊಂಡರು. ಚಿತೆಯ ಬಳಿ ನಿಂತು ಅವರನ್ನು ಹೊಗಳಿ ಮಾತಾಡಿದವರಲ್ಲಿ ತಿಲಕರೂ ಒಬ್ಬರು. ಗಾಂಧೀಜಿ ಒಂದು ವರ್ಷ ಕಾಲಿಗೆ ಚಪ್ಪಲಿ ಹಾಕಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಇನ್ನೊಬ್ಬ ಮಹಾಪುರುಷರ ಜೀವನ ಚರಿತ್ರೆ ಅಷ್ಟೇ ಆಗುತ್ತಿತ್ತು. ಗೋಖಲೆಯವರು ಇಲ್ಲದ ಸಂಘ ಏನಾಯಿತು? ಗಾಂಧೀಜಿ ಸೇರಬೇಕೇ ಬೇಡವೇ ಎಂಬ ಪ್ರಶ್ನೆ ಮತ್ತೆ ಎದ್ದಿತು. ಸದಸ್ಯರಲ್ಲಿ ಎರಡು ಅಭಿಪ್ರಾಯ ಇರುವುದನ್ನು ಕಂಡು, ತಮ್ಮಿಂದ ಸಂಘ ಒಡೆಯಬಾರದೆಂದು ಗಾಂಧೀಜಿ ತಮ್ಮ ಅರ್ಜಿಯನ್ನು ವಾಪಸು ತೆಗೆದುಕೊಂಡರು. ಎರಡೂ ಕಡೆ ಸ್ನೇಹ ಉಳಿಯಿತು. ಇಲ್ಲ ಎನ್ನಬೇಕಾದಾಗ ಮರ್ಯಾದೆಯಿಂದ ಇಲ್ಲ ಎನ್ನುವುದು, ಅದನ್ನು ಮರ್ಯಾದೆಯಿಂದ ಕೇಳಿಸಿಕೊಳ್ಳುವುದು ಎರಡೂ ಅಲ್ಲಿ ಸಾಧ್ಯವಾಯಿತು. ಸದಸ್ಯರು ಶ್ರೀನಿವಾಸ ಶಾಸ್ತ್ರಿಗಳನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಪುಣೆಯ ಚಿತ್ಪಾವನ ಬ್ರಾಹ್ಮಣರೊಬ್ಬರು ಕಟ್ಟಿದ ಸಂಸ್ಥೆಗೆ ತಂಜಾವೂರು ಸೀಮೆಯ ತಮಿಳರೊಬ್ಬರು ಮುಖ್ಯಸ್ಥರಾದರು. ಅವರ ನಂತರ ಮೊದಲ ದಿನ ಪ್ರತಿಜ್ಞೆ ಮಾಡಿದ ದೇವಧರರು, 1936ರಿಂದ 1978ರವರೆಗೆ ಉತ್ತರ ಪ್ರದೇಶದ ಹೃದಯನಾಥ ಕುಂಜ್ರೂ. ಸ್ಥಾಪಕರ ಮನೆಯವರಾರೂ ಈ ಸಾಲಿನಲ್ಲಿ ಇಲ್ಲ.

ಅವರ ಪ್ರಭಾವ ಕನ್ನಡ ನಾಡಿಗೂ ಬಂತು. ನಮ್ಮ ಡಿ.ವಿ.ಜಿ. ಅವರು ಗೋಖಲೆಯವರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಸಾರ್ವಜನಿಕ ಜೀವನಕ್ಕೆ ಆಧ್ಯಾತ್ಮದ ಶುದ್ಧಿ ಬೇಕು ಎಂಬ ಗೋಖಲೆಯವರ ವಿಚಾರವನ್ನೇ ಧ್ಯೇಯವಾಗಿಟ್ಟುಕೊಂಡು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಡಿನ ಜನ ಸನ್ಮಾನ ಮಾಡಿ ನಿಧಿ ಅರ್ಪಿಸಿದಾಗ ಡಿ.ವಿ.ಜಿ. ಅದನ್ನು ಹಾಗೆಯೇ ಈ ಸಂಸ್ಥೆಗೆ ಕೊಟ್ಟುಬಿಟ್ಟರು.

ನಮ್ಮ ದೇವಸ್ಥಾನದ ಸೇವೆಯಲ್ಲಿ ಯಾರೂ ಏಳು ಪ್ರತಿಜ್ಞೆ ಮಾಡಬೇಕಾಗಿಲ್ಲ, ಕೆಲಸ ಬಿಟ್ಟು ಬರಬೇಕಾಗಿಯೂ ಇಲ್ಲ. ಆದರೆ ಹಬ್ಬದ ದಿನ ಬೆಳಗಿನ ಜಾವದಿಂದ ಅಡಿಗೆಮನೆಯಲ್ಲಿ ನಿಂತವರು ಊಟ ಮಾಡಿದರೇ, ವರ್ಷಗಟ್ಟಲೆ ಲೆಕ್ಕ ಬರೆದವರಿಗೆ ಒಬ್ಬ ಜೊತೆಗಾರ ಸಿಕ್ಕಿದನೇ, ಪಾರ್ಕಿಂಗಿನಲ್ಲಿ ಚಳಿಯಲ್ಲಿ ನಿಂತವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ಕೇಳುವುದಕ್ಕೆ ಹೆಚ್ಚು ಹಣವೇನೂ ಬೇಕಾಗಿಲ್ಲ. ಮುಂದಿನ ಸಲ ಕಮಿಟಿಯ ಮೀಟಿಂಗ್ ಸೇರಿದಾಗ ಕಟ್ಟಡ ನಿಧಿಯ ವಿಷಯ ಮುಗಿದ ಮೇಲೆ ಐದು ನಿಮಿಷ ಇದನ್ನೂ ಮಾತಾಡಿದರೆ ಚೆನ್ನ. ಗೋಖಲೆಯವರ ಸಂಘದ ನಿಯಮಾವಳಿಯಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ ಇತ್ತು.